ಹೆಬ್ಬೆಟ್ಟು ಒತ್ತುವ ಮೊದಲು

ಕಳೆದ ಮಂಗಳವಾರ ಒಬ್ಬರು ಅಜ್ಜಿ ನನ್ನ ಮೇಜಿನ ಎದುರು ಕೂತು, ತಮ್ಮ ಹದಿಮೂರು ಸೆಂಟ್ಸ್ ಜಾಗವನ್ನೂ ಅದರಲ್ಲಿರುವ ಹಂಚಿನ ಮನೆಯನ್ನೂ ಮಗಳಿಗೆ ಕೊಡುವ ವಿಷಯ ಅರ್ಧ ಗಂಟೆ ತುಳುವಿನಲ್ಲಿ ಹೇಳಿದರು. ಮಂಗಳೂರಿನಲ್ಲಿ ನಾನು ದಸ್ತಾವೇಜು ಬರೆಯಲು ಕೂತು ಮೂವತ್ತೊಂದು ವರ್ಷ ಆಯಿತು. ಇಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ. ಬದುಕಿರುವವರೆಗೆ ಪಡುಬದಿಯ ಕೋಣೆ ತನಗೆ. ಬಾವಿಯ ನೀರು ನೆರೆಮನೆಯ ನಾದಿನಿಗೂ ಸಿಗಬೇಕು. ಅಂಗಳದ ಮಾವಿನ ಮರ ಕಡಿಯಬಾರದು. ಅಷ್ಟೇ.

ನಾನು ದಾನಪತ್ರದ ಕರಡು ಬರೆದೆ. ‘ಸದರಿ ಸ್ಥಿರಾಸ್ತಿಯನ್ನು ಈ ದಿನ ಲಾಗಾಯ್ತು ನೀವು ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು’ ಎಂಬ ಧಾಟಿಯಲ್ಲಿ ನಾಲ್ಕು ಪುಟ. ಓದಿ ಹೇಳಿದೆ. ಅಜ್ಜಿ ಕೊನೆಯವರೆಗೂ ಕೇಳಿ, “ಎಂಕ್ ಅರ್ಥ ಆಯಿಜಿ” ಅಂದರು. ನನಗೆ ಅರ್ಥ ಆಗಲಿಲ್ಲ ಅಂತ.

ಅವರದ್ದು ಅಳಿಯಕಟ್ಟಿನ ಕುಟುಂಬ. ನಮ್ಮದೂ ಅದೇ. ಆಸ್ತಿ ತಾಯಿಯಿಂದ ಮಗಳ ಸಂತಾನಕ್ಕೆ ಹರಿದು ಬಂದ ಜನರಿಗೆ ‘ಪುತ್ರ ಪೌತ್ರ’ ಎಂದು ಮೂವತ್ತೊಂದು ವರ್ಷದಿಂದ ಬರೆದುಕೊಡುತ್ತಿದ್ದೇನೆ. ನನ್ನ ಗುರುಗಳು ಹಾಗೆ ಕಲಿಸಿದರು, ಅವರಿಗೆ ಅವರ ಗುರುಗಳು. ಆ ದಿನ ಅಜ್ಜಿಯ ಮುಖ ನೋಡಿದಾಗ ಮೊದಲ ಸಲ ಆ ಮಾತು ನನ್ನನ್ನೇ ಚುಚ್ಚಿತು. ಸರ್ವರ್ ಕೆಟ್ಟು ಆ ದಿನ ನೋಂದಣಿ ಆಗಲಿಲ್ಲ, ಸೋಮವಾರ ಬನ್ನಿ ಅಂತ ಕಳಿಸಿದೆ.

ನಡುವೆ ಆದಿತ್ಯವಾರ ನಮ್ಮ ಕುಟುಂಬದ ಮನೆಯಲ್ಲಿ ದೈವಗಳಿಗೆ ತಂಬಿಲ ಸೇವೆ ಇತ್ತು. ದೈವಕಾರ್ಯಗಳ ಋತು ಮುಗಿಯುವ ದಿನವಾದ ಪತ್ತನಾಜೆ ಹತ್ತಿರ ಬಂದಿದೆ, ಆಮೇಲೆ ಇಂಥದ್ದೆಲ್ಲ ನಿಲ್ಲುತ್ತದೆ ಅಂತ ಬೆಂಗಳೂರಿನಿಂದ ಅಕ್ಕನ ಮಗನೂ ಬಂದಿದ್ದ. ಊಟ ಆಗಿ ಜಗಲಿಯಲ್ಲಿ ಕೂತಾಗ ಅಜ್ಜಿಯ ವಿಷಯ ಹೇಳಿದೆ. ಅವನಿಗೆ ಅಷ್ಟೇ ಸಾಕಾಯಿತು.

“ಮಾವ, ಇದಕ್ಕೇ ಹೇಳುದು ತುಳುನಾಡು ಪ್ರತ್ಯೇಕ ರಾಜ್ಯ ಆಗಬೇಕು ಅಂತ.”

ಅವನು ಲೆಕ್ಕ ಇಟ್ಟುಕೊಂಡೇ ಮಾತಾಡುವವ. 2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದಲ್ಲಿ 20.9 ಲಕ್ಷ ಜನ, ಉಡುಪಿಯಲ್ಲಿ 11.8 ಲಕ್ಷ. ಗೋವಾದಲ್ಲಿ ಇರುವುದು 14.6 ಲಕ್ಷ, ಅದು 1987ರಲ್ಲೇ ರಾಜ್ಯ ಆಯಿತು. ಸಂವಿಧಾನದ 3ನೇ ವಿಧಿ ಪ್ರಕಾರ ಹೊಸ ರಾಜ್ಯ ಮಾಡುವ ಅಧಿಕಾರ ಸಂಸತ್ತಿಗೆ. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕೆಂದಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ಬೇಡ ಅಂದರೂ ತೆಲಂಗಾಣ ಆಗಲಿಲ್ಲವಾ? 14.8 ಲಕ್ಷ ಜನರ ಬೋಡೊ ಭಾಷೆ 2003ರ ತಿದ್ದುಪಡಿಯಲ್ಲಿ ಸಂವಿಧಾನದ ಭಾಷೆಗಳ ಪಟ್ಟಿಗೆ, ಅಂದರೆ ಎಂಟನೇ ಪರಿಚ್ಛೇದಕ್ಕೆ ಸೇರಿತು, 18.46 ಲಕ್ಷ ಜನರ ತುಳು ಇನ್ನೂ ಹೊರಗೆ. ನಮ್ಮದೇ ರಾಜ್ಯ ಇದ್ದಿದ್ದರೆ ಹೀಗೆ ಆಗುತ್ತಿತ್ತಾ?

ಲೆಕ್ಕದಲ್ಲಿ ತಪ್ಪಿಲ್ಲ. ಸಿಟ್ಟೂ ತಪ್ಪಲ್ಲ. ಆದರೆ ಗಡಿ ಎಳೆಯುವುದು ಅಂದರೆ ಏನು ಅಂತ ನಮ್ಮ ಮನೆಯಲ್ಲಿ ನೋಡಿದವ ನಾನು. ಅಮ್ಮನ ತವರು ಉಪ್ಪಳ. 1956ರ ನವೆಂಬರ್ 1ಕ್ಕೆ ಮೊದಲು ಅದೂ ಮಂಗಳೂರಿನ ಹಾಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯೇ. ಆ ದಿನ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಹೋರಾಡುತ್ತಲೇ ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ಗಡಿಯ ತಲಪಾಡಿಯ ಆಚೆ ಇರುವ ನನ್ನ ಸೋದರಮಾವನ ಮಗ ಈಗಲೂ ಅಲ್ಲಿಯ ಕಚೇರಿಯಿಂದ ಮಲಯಾಳದಲ್ಲಿ ಕಾಗದ ಬಂದರೆ ಫೋಟೊ ತೆಗೆದು ನನಗೆ ಕಳಿಸುತ್ತಾನೆ. ಮೂವತ್ತೊಂದು ವರ್ಷ ಕಾಗದಪತ್ರದಲ್ಲೇ ಬದುಕಿದ ನಾನು ಅದನ್ನು ಹಿಡಿದುಕೊಂಡು ರಸ್ತೆಯಾಚೆಯ ಬೇಕರಿಯ ಹುಡುಗನ ಹತ್ತಿರ ಓದಿಸಲು ಹೋಗುತ್ತೇನೆ.

ಹಾಗಾಗಿ ಅಳಿಯನಿಗೆ ಕೇಳಿದೆ: ನಿನ್ನ ತುಳುನಾಡಿನ ಗೆರೆ ಎಲ್ಲಿ ಎಳೆಯುತ್ತಿ? ಕುಂದಾಪುರದವರ ಮನೆಮಾತು ಕನ್ನಡ, ಅವರು ಯಾವ ಕಡೆ? ಸುಳ್ಯದ ಅರೆಭಾಷೆಯವರು? ಬಂದರಿನ ಬ್ಯಾರಿಗಳು, ಕಾರ್‌ಸ್ಟ್ರೀಟಿನ ಕೊಂಕಣಿಯವರು, ಹವ್ಯಕರು? ಇವತ್ತು ಬೆಂಗಳೂರಿನ ಎದುರು ನಾವು ಹೇಳುವ ದೂರನ್ನು ನಾಳೆ ಅವರೆಲ್ಲ ಮಂಗಳೂರಿನ ಎದುರು ಹೇಳಬೇಕಾಗುತ್ತದೆ. ದಿಲ್ಲಿಯ ಲೆಕ್ಕ ಬೇರೆ. 543ರಲ್ಲಿ ಕರ್ನಾಟಕಕ್ಕೆ 28 ಸೀಟು. 1971ರ ಜನಗಣತಿಯ ಮೇಲೆ ನಿಂತಿರುವ ಆ ಹಂಚಿಕೆ ಮುಂದೆ ಬದಲಾಗುತ್ತದೆಂದು ದಕ್ಷಿಣಕ್ಕೆ ದಕ್ಷಿಣವೇ ಆತಂಕದಲ್ಲಿರುವಾಗ ನಾವು ಹೊರಗೆ ಬಂದು ಎಷ್ಟು ಸೀಟು ಹಿಡಿದು ನಿಲ್ಲುವುದು? ದಕ್ಷಿಣ ಕನ್ನಡದ್ದು ಒಂದು, ಉಡುಪಿಯದ್ದು ಚಿಕ್ಕಮಗಳೂರಿನ ಜತೆ ಹಂಚಿಕೊಂಡದ್ದು.

ಆದರೆ ನನ್ನ ಮುಖ್ಯ ಮಾತು ಅದಲ್ಲ. ಅಜ್ಜಿಯ ಕಷ್ಟಕ್ಕೆ ರಾಜ್ಯವೇ ಬೇಕಾಗಿಲ್ಲ. ಎಂಟನೇ ಪರಿಚ್ಛೇದಕ್ಕೂ ಕಾಯಬೇಕಾಗಿಲ್ಲ, ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕು, ದಿಲ್ಲಿಯ ಮನಸ್ಸು ಬೇಕು. 345ನೇ ವಿಧಿಯಲ್ಲಿ ವಿಧಾನಸಭೆಯೇ ಕಾನೂನು ಮಾಡಿ ರಾಜ್ಯದಲ್ಲಿ ಬಳಕೆಯಲ್ಲಿರುವ ಒಂದಕ್ಕಿಂತ ಹೆಚ್ಚು ಭಾಷೆಯನ್ನು ಆಡಳಿತಕ್ಕೆ ತೆಗೆದುಕೊಳ್ಳಬಹುದು. ಪಶ್ಚಿಮ ಬಂಗಾಳ 1961ರ ಕಾಯ್ದೆಯಲ್ಲೇ ಡಾರ್ಜಿಲಿಂಗಿನ ಗುಡ್ಡದ ಭಾಗಕ್ಕೆ ಬಂಗಾಳಿಯ ಜತೆ ನೇಪಾಳಿಯನ್ನೂ ಕೊಟ್ಟಿತು. ನೇಪಾಳಿ ಎಂಟನೇ ಪರಿಚ್ಛೇದ ಸೇರಿದ್ದು ಮತ್ತೆ ಮೂವತ್ತೊಂದು ವರ್ಷ ಕಳೆದು, 1992ರಲ್ಲಿ. ನಮ್ಮಲ್ಲೂ 2023ರಲ್ಲಿ ತುಳುವನ್ನು ಎರಡನೇ ಅಧಿಕೃತ ಭಾಷೆ ಮಾಡುವ ಬಗ್ಗೆ ಡಾ. ಮೋಹನ ಆಳ್ವರ ಸಮಿತಿ ವರದಿ ಕೊಟ್ಟಿದೆ. ಬೇಕಾದರೆ ಎರಡು ಜಿಲ್ಲೆಗಷ್ಟೇ ಸೀಮಿತ ಮಾಡಲಿ.

“ಡಾರ್ಜಿಲಿಂಗಿನವರು ಭಾಷೆ ಸಿಕ್ಕಿದ ಮೇಲೂ ಗೂರ್ಖಾಲ್ಯಾಂಡ್ ರಾಜ್ಯ ಬೇಕು ಅಂತ ಬೀದಿಗೆ ಇಳಿದರಲ್ಲ ಮಾವ?” ಅಂದ ಅಳಿಯ. ಆ ಮಾತಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಭಾಷೆ ಕೊಟ್ಟ ಮಾತ್ರಕ್ಕೆ ಎಲ್ಲ ಕೇಳಿಕೆ ಮುಗಿಯುವುದಿಲ್ಲ, ನಿಜ. ಆದರೂ ಅಲ್ಲಿಯ ಅಜ್ಜಿಯೊಬ್ಬಳ ಅರ್ಜಿ ಅವಳ ಮಾತಿನಲ್ಲೇ ಹೋಗಬಹುದಲ್ಲ.

ನಮ್ಮ ಕಸುಬಿನ ಕಾನೂನಿನಲ್ಲೇ ಒಂದು ಬಾಗಿಲು ಉಂಟು, ಹೆಚ್ಚಿನವರು ಗಮನಿಸಿದ ಹಾಗಿಲ್ಲ. 1908ರ ನೋಂದಣಿ ಕಾಯ್ದೆಯ 19ನೇ ಕಲಮು ಹೇಳುವುದು: ಪತ್ರದ ಭಾಷೆ ಅಧಿಕಾರಿಗೆ ಗೊತ್ತಿಲ್ಲದೆ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದಿದ್ದರೆ, ಭಾಷಾಂತರ ಇಲ್ಲದೆ ನೋಂದಾಯಿಸಬಾರದು. ಯಾವ ಜಿಲ್ಲೆಯಲ್ಲಿ ಯಾವ ಭಾಷೆ ಸಾಮಾನ್ಯ ಬಳಕೆಯದ್ದು ಎಂದು ನಿಯಮ ಮಾಡುವ ಅಧಿಕಾರ 69ನೇ ಕಲಮಿನಲ್ಲಿ ಇಲಾಖೆಯ ಮುಖ್ಯಸ್ಥರಿಗೇ ಇದೆ, ಸರಕಾರ ಒಪ್ಪಿದರೆ ಆಯಿತು. ದಕ್ಷಿಣ ಕನ್ನಡದಲ್ಲಿ ತುಳು ಸಾಮಾನ್ಯ ಬಳಕೆಯ ಭಾಷೆಯೋ ಅಲ್ಲವೋ ಎಂದು ಯಾರನ್ನು ಕೇಳಬೇಕು? ಲಿಪಿಯ ಜಗಳ ಇಲ್ಲಿ ಬೇಡ. ಬಾಸೆಲ್ ಮಿಷನ್ನಿನವರ ಕಾಲದಿಂದ ತುಳುವನ್ನು ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದ್ದೇವೆ.

ಇದೆಲ್ಲ ಕನ್ನಡಕ್ಕೆ ದ್ರೋಹ ಅನ್ನುವ ಗೆಳೆಯರು ನನಗಿದ್ದಾರೆ. ನಾನು ಕನ್ನಡದ ಅನ್ನ ತಿಂದವ. ಮೊದಲ ಕನ್ನಡ ಪತ್ರಿಕೆ 1843ರಲ್ಲಿ ಹೊರಟದ್ದು ಇದೇ ಮಂಗಳೂರಿನಿಂದ. ಪಂಜೆಯವರ, ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರರದ್ದು ತುಳು. ಇಲ್ಲಿ ಕನ್ನಡ ಕಟ್ಟಿದವರು ಮನೆಯಲ್ಲಿ ಬೇರೆ ಮಾತಾಡಿದವರೇ. ಕಾಸರಗೋಡಿನ ಕನ್ನಡಿಗರಿಗೆ ಅವರ ಭಾಷೆಯಲ್ಲೇ ಕಾಗದ ಬರಬೇಕು, ಅವರ ಭಾಷೆ ಬಲ್ಲ ಅಧಿಕಾರಿ ಬೇಕು ಎಂದು ನಾವು ಗಂಟಲು ಹರಿಯುವ ಹಾಗೆ ಕೂಗುತ್ತೇವೆ. ಕೂಗಬೇಕಾದ್ದೇ. ತಲಪಾಡಿಯ ಆಚೆ ಕನ್ನಡಕ್ಕಾಗಿ ಏನು ಕೇಳುತ್ತೇವೋ ಈಚೆ ತುಳುವಿಗೆ ಅದನ್ನೇ ಕೊಡಲಿಕ್ಕೆ ಯಾಕೆ ಕೈ ನಡುಗುತ್ತದೆ?

ಸೋಮವಾರ ಅಜ್ಜಿ ಮಗಳ ಜತೆ ಬಂದರು. ‘ಪುತ್ರ ಪೌತ್ರ’ ತೆಗೆದು ‘ನೀವೂ ನಿಮ್ಮ ಸಂತತಿಯವರೂ’ ಎಂದು ತಿದ್ದಿದ್ದೆ. ಜತೆಗೆ ಒಂದು ಹಾಳೆಯಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ತುಳುವಿನಲ್ಲಿ ಬರೆದಿದ್ದೆ. ಅದು ನೋಂದಣಿಗೆ ಹೋಗುವ ಕಾಗದವಲ್ಲ. ಮಗಳು ಓದಿದಳು. ಕೋಣೆ, ಬಾವಿ, ಮಾವಿನ ಮರ. “ಇತ್ತೆ ಸಮ ಆಂಡ್”, ಈಗ ಸರಿಯಾಯಿತು, ಅಂದು ಅಜ್ಜಿ ಆ ಹಾಳೆಯನ್ನು ಮಡಚಿ ಎಲೆ ಅಡಕೆಯ ಚೀಲಕ್ಕೆ ಹಾಕಿಕೊಂಡರು.

ಒಳಗೆ ಇದ್ದವರು ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿ, ಒಳ್ಳೆಯ ಮನುಷ್ಯ. “ಅಮ್ಮಾ, ಇದನ್ನು ನೀವೇ ಒಪ್ಪಿ ಬರೆಸಿಕೊಟ್ಟದ್ದಾ?” ಅಂತ ಕೇಳಿದರು. ಅಜ್ಜಿ ನನ್ನ ಕಡೆ ನೋಡಿದರು. ನಾನು ತುಳುವಿನಲ್ಲಿ ಹೇಳಿದೆ.

“ಅಂದ್,” ಅಂದರು ಅಜ್ಜಿ, ಅವರ ಮುಖವನ್ನೇ ನೋಡಿ.

ಈಗ ಅಧಿಕಾರಿ ನನ್ನ ಕಡೆ ನೋಡಿದರು.

“ಹೌದು ಅಂತ, ಸರ್,” ಅಂದೆ.