‘ಜ್ಯಾಗರಿ’ ಚೀಟಿ: ಬೆಲ್ಲದ ಪದಕೋಶ ಎಲ್ಲಿಗೆ ಬಂತು

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಪೇಟೆಯ ಬೆಲ್ಲದ ಮಾತುಗಳನ್ನು ಕೂಡಿಸಿ ಕನ್ನಡ–ಇಂಗ್ಲಿಷ್ ಪದಕೋಶ ಮಾಡುವ ಕೆಲಸದಲ್ಲಿ ಗಾಣ, ಕಡಾಯಿ, ಪೆಂಟಿ (ಬೆಲ್ಲದ ಅಚ್ಚು), ಕಾಕಂಬಿ (ದ್ರವ ಬೆಲ್ಲ) ಇವುಗಳ ಚೀಟಿಗಳು, ಅಂದರೆ ಒಂದೊಂದು ಪದಕ್ಕೆ ಬರೆದಿಡುವ ಟಿಪ್ಪಣಿಗಳು, ಸಲೀಸಾಗಿ ಮುಗಿದವು. ‘ಬೆಲ್ಲ’ದ ಎದುರು ಬರೆಯಬೇಕಾದ ‘ಜ್ಯಾಗರಿ’ ಮಾತ್ರ ಇನ್ನೂ ಪೂರ್ತಿ ಕೂತಿಲ್ಲ.

ಕಾಗುಣಿತದ ಹುಡುಕಾಟ

ಈಗ ರೂಢಿಯಲ್ಲಿರುವ ಕಾಗುಣಿತ ಜೆ, ಎ, ಎರಡು ಜಿ, ಇ, ಆರ್, ವೈ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಲ್ಲಿ ಇದೊಂದನ್ನೇ ಹುಡುಕಿದರೆ ಬಹಳಷ್ಟು ಕೈತಪ್ಪುತ್ತದೆ. ಒಂದೇ ಜಿ ಇರಬಹುದು, ಜಿ ಆದಮೇಲೆ ಎಚ್ ಸೇರಿರಬಹುದು, ಇ ಇದ್ದಲ್ಲಿ ಒ ಬಂದಿರಬಹುದು, ಕೊನೆಯ ವೈ ಜಾಗದಲ್ಲಿ ಎರಡು ಇ ಕೂತಿರಬಹುದು. ಇದಕ್ಕೂ ಹಿಂದಿನ ರೂಪಗಳು ‘ಜಾಗರಾ’, ‘ಜಾಗ್ರಾ’. ಇವನ್ನೆಲ್ಲ ಒಂದೇ ಹುಡುಕು-ಸೂತ್ರದಲ್ಲಿ ಹಿಡಿಯಲು ಹೋದರೆ ಕಸವೇ ಜಾಸ್ತಿ ಬರುತ್ತದೆ. ಮೂರು ಸಲ ಬೇರೆಬೇರೆ ಹುಡುಕುವುದೇ ವಾಸಿ: ಮೊದಲು ವೈ ಕೊನೆಯವು, ಆಮೇಲೆ ಎ ಕೊನೆಯವು, ಕಡೆಗೆ ಪೋರ್ಚುಗೀಸ್ ರೂಪಗಳು. ಪೋರ್ಚುಗೀಸ್‌ನಲ್ಲಿ ಹುಡುಕುವಾಗ ಸ್ವರದ ಮೇಲಿನ ಗೆರೆಗಳನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ಯಂತ್ರ ಅದನ್ನು ಬೇರೆ ಅಕ್ಷರ ಎಂದುಕೊಳ್ಳುತ್ತದೆ.

ಕೆಡುವ ಜಾಗಗಳು ಮೂರು. ಸಾಲಿನ ತುದಿಯಲ್ಲಿ ಪದ ಒಡೆದು ಅಡ್ಡಗೆರೆ ಬಿದ್ದಿದ್ದರೆ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಪಠ್ಯದಲ್ಲಿ ಸಾಲುಗಳನ್ನು ಮೊದಲೇ ಜೋಡಿಸಿಕೊಳ್ಳಬೇಕು. ಎರಡನೆಯದು, ಹಳೆಯ ಇಂಗ್ಲಿಷ್ ಮುದ್ರಣದಲ್ಲಿ ಐ ಮತ್ತು ಜೆ ಬೇರೆ ಅಕ್ಷರಗಳಾಗಿರಲಿಲ್ಲ. ಡಚ್ ಪ್ರವಾಸಿ ಲಿನ್‌ಸ್ಕೋಟನ್‌ನ ಪ್ರವಾಸಕಥನದ 1598ರ ಇಂಗ್ಲಿಷ್ ಅನುವಾದದಲ್ಲಿ ಈ ಪದ ಐ ಅಕ್ಷರದಿಂದ ಶುರುವಾಗುತ್ತದೆ. ಸ್ಕ್ಯಾನ್ ಅದನ್ನು ಸಣ್ಣ ಎಲ್ ಎಂದು ಓದಿದರೆ ‘ಲಾಗ್ರಾ’ ಆಗಿಬಿಡುತ್ತದೆ. ಮೂರನೆಯದು ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತಿರುವ ಜಹಗೀರು. ಅದರ ಹಳೆಯ ಇಂಗ್ಲಿಷ್ ಕಾಗುಣಿತದಲ್ಲೂ ಜಿ ಪಕ್ಕ ಎಚ್ ಇರುತ್ತದೆ, ಹಾಗಾಗಿ ಜಮಖಂಡಿ, ಮುಧೋಳ ಸಂಸ್ಥಾನಗಳ ಕಾಗದಪತ್ರ ನೋಡುವಾಗ ಬೆಲ್ಲದ ಬಲೆಗೆ ಇನಾಮು ಭೂಮಿ ಬೀಳುತ್ತದೆ. ಅಕ್ಕಪಕ್ಕದಲ್ಲಿ ಸಕ್ಕರೆ, ಸೇಂದಿ, ಸರಾಯಿ ಇದ್ದರೆ ಇಟ್ಟುಕೊಳ್ಳಿ. ಕಂದಾಯ, ಸನ್ನದು ಇದ್ದರೆ ಬಿಡಿ.

ಮೂಲ: ಕನ್ನಡವೋ ಮಲಯಾಳವೋ

ಸಂಸ್ಕೃತದ ಶರ್ಕರಾ ಎಂದರೆ ಮೊದಲು ಹರಳು, ಗರಸು; ಆಮೇಲೆ ಹರಳುಹರಳಾದ ಸಿಹಿ. ಅದು ಪ್ರಾಕೃತದ ಮೂಲಕ ಕನ್ನಡದ ಸಕ್ಕರೆಯಾಯಿತು. ಪರ್ಷಿಯನ್, ಅರಬ್ಬಿ, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿನ ‘ಶುಗರ್’ ಆಯಿತು. ಅದೇ ಬೇರು ಪೋರ್ಚುಗೀಸರ ಹಡಗು ಹತ್ತಿ ಇಂಗ್ಲಿಷಿಗೆ ಎರಡನೇ ಸಲ ಬಂದದ್ದು ‘ಜ್ಯಾಗರಿ’. ಇಷ್ಟರ ಮಟ್ಟಿಗೆ ತಕರಾರಿಲ್ಲ.

ಪೋರ್ಚುಗೀಸರಿಗೆ ಕೊಟ್ಟವರು ಯಾರು ಎಂಬಲ್ಲಿ ನಿಘಂಟುಗಳು ಎರಡಾಗುತ್ತವೆ. ಕೆಲವು ಕನ್ನಡದ ‘ಶರ್ಕರೆ’ಯನ್ನು ತೋರಿಸಿದರೆ ಇನ್ನು ಕೆಲವು ಮಲಯಾಳದ ‘ಚಕ್ಕರ’ವನ್ನು ತೋರಿಸುತ್ತವೆ. ‘ಜ್ಯಾಗರಿ ನಮ್ಮ ಕನ್ನಡದ ಪದ’ ಎಂಬ ಪೋಸ್ಟುಗಳು ಮೊದಲಿನದನ್ನಷ್ಟೇ ಹಿಡಿದುಕೊಂಡಿವೆ. ಪೋರ್ಚುಗೀಸ್ ಬರಹಗಾರ ಬಾರ್ಬೋಸಾನ 1516ರ ಬರಹದಲ್ಲಿ ಪದ ಎಕ್ಸ್ ಅಕ್ಷರದಿಂದ ಶುರುವಾಗುತ್ತದೆ, ಪೋರ್ಚುಗೀಸ್‌ನಲ್ಲಿ ಅದರ ಉಚ್ಚಾರ ‘ಶ’. ಧ್ವನಿಯಿಂದ ನೋಡಿದರೆ ಇದು ಶರ್ಕರೆಯ ಕಡೆ ಸ್ವಲ್ಪ ವಾಲುತ್ತದೆ. ಆದರೆ ಅವನು ಹೇಳುತ್ತಿರುವುದು ತಾಳೆಜಾತಿಯ ಮರದ ಸಕ್ಕರೆಯನ್ನು. ಮಲಯಾಳದಲ್ಲಿ ಚಕ್ಕರ ಎಂದರೆ ಬೆಲ್ಲವೇ. ಕನ್ನಡದಲ್ಲಿ ಸಕ್ಕರೆ ಬೇರೆ, ಬೆಲ್ಲ ಬೇರೆ. ಪೋರ್ಚುಗೀಸರು 1498ರಲ್ಲಿ ಬಂದಿಳಿದದ್ದೂ ಕಲ್ಲಿಕೋಟೆಯ ಕಡೆಗೆ. ಅರ್ಥ ಮತ್ತು ಊರು ಎರಡೂ ಒಂದೇ ಕಡೆ ಕೈ ತೋರಿಸುವಾಗ ಅಭಿಮಾನಕ್ಕೆ ಜಾಗವಿಲ್ಲ. ಚೀಟಿಯಲ್ಲಿ ‘ಬಹುಶಃ ಮಲಯಾಳ’ ಎಂದು ಮೊದಲು, ಕನ್ನಡದ ಸಾಧ್ಯತೆ ಅದರ ಕೆಳಗೆ.

‘ಬೆಲ್ಲ’ಕ್ಕೂ ಈ ಮನೆತನಕ್ಕೂ ಸಂಬಂಧವಿಲ್ಲ. ತಮಿಳಿನ ವೆಲ್ಲಂ, ತೆಲುಗಿನ ಬೆಲ್ಲಂ ಅದರ ಬಂಧುಗಳು. ತಮಿಳಿನ ವೆಳ್ಳಿ ನಮ್ಮಲ್ಲಿ ಬೆಳ್ಳಿ ಆದಂತೆಯೇ ಇಲ್ಲೂ ತಮಿಳಿನ ವಕಾರಕ್ಕೆ ನಮ್ಮಲ್ಲಿ ಬಕಾರ.

ಅರ್ಥದ ಸಾಲು

ಭಾರತದ ಇಂಗ್ಲಿಷರ ಮಾತಿನ ಪದಗಳನ್ನು ಕೂಡಿಸಿದ 1886ರ ಹಾಬ್ಸನ್-ಜಾಬ್ಸನ್ ಕೋಶ ಜ್ಯಾಗರಿಗೆ ಕೊಡುವ ಅರ್ಥ ಮರದ ರಸದ ಸಕ್ಕರೆ, ಕಬ್ಬು ಅಲ್ಲ. ಬೈನೆ ಮರಕ್ಕೆ ಇಂಗ್ಲಿಷಿನಲ್ಲಿ ‘ಜ್ಯಾಗರಿ ಪಾಮ್’ ಎಂಬ ಹೆಸರು ಈಗಲೂ ಇದೆ. ಆದ್ದರಿಂದ ಚೀಟಿಯಲ್ಲಿ ಅರ್ಥ 1: ತಾಳೆ, ಈಚಲು, ಬೈನೆ, ತೆಂಗಿನ ರಸದ್ದು. ಅರ್ಥ 2: ಕಬ್ಬಿನದು. ಮಹಾಲಿಂಗಪುರಕ್ಕೆ ಬೇಕಾದದ್ದು ಎರಡನೆಯದು, ಆದರೆ ಮದ್ರಾಸ್ ಕಡೆಯ ಹಳೆಯ ಉಲ್ಲೇಖ ಸಿಕ್ಕರೆ ಅದನ್ನು ಕಣ್ಣು ಮುಚ್ಚಿ 2ರ ಕೆಳಗೆ ಹಾಕಬಾರದು.

ನಮ್ಮ ಜಿಲ್ಲೆಗಳ ಉಲ್ಲೇಖಗಳಲ್ಲಿ ಇನ್ನೊಂದು ಫಜೀತಿ. ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು, ಬಾಗಲಕೋಟೆ ಆಗ ವಿಜಯಪುರ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಅಧಿಕಾರಿಗಳ ಇಂಗ್ಲಿಷಿನಲ್ಲಿ ಬೆಲ್ಲಕ್ಕೆ ಮರಾಠಿಯಿಂದ ಬಂದ ‘ಗುಳ್’ ಓಡಾಡುತ್ತದೆ, ಉತ್ತರ ಭಾರತದವರದು ‘ಗುರ್’, ‘ಗೂರ್’. ಕೆಲವರು ಬೆಲ್ಲಕ್ಕೆ ‘ಮೊಲಾಸಿಸ್’ ಎಂದೂ ಬರೆದುಬಿಡುತ್ತಾರೆ. ಅದು ತಪ್ಪು: ಮೊಲಾಸಿಸ್ ಎಂದರೆ ಹರಳು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ರಸ, ಬೆಲ್ಲದಲ್ಲಿ ಅದು ಒಳಗೇ ಇರುತ್ತದೆ. ಕಬ್ಬಿನ ಹಾಲಿಗೆ (ರಸಕ್ಕೆ) ಸುಣ್ಣ ಹಾಕಿ, ಬೆಂಡಿಗಿಡದ ಲೋಳೆಯಿಂದ ಕೊಳೆ ಎತ್ತಿ, 105–106 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಒಲೆಯಿಂದ ಇಳಿಸಿದರೆ ಕಾಕಂಬಿ. 118ರ ಆಸುಪಾಸಿಗೆ ಕಾಯಿಸಿದರೆ ಪೆಂಟಿ ಕಟ್ಟುವ ಬೆಲ್ಲ. ಈ ಎರಡು ಅಂಕಿಗಳನ್ನು ವಿವರಣೆಯಲ್ಲೇ ಹಾಕಿದ್ದರಿಂದ ‘ಲಿಕ್ವಿಡ್ ಜ್ಯಾಗರಿ’ಗೆ ಪ್ರತ್ಯೇಕ ಚೀಟಿ ಬೇಕಾಗಲಿಲ್ಲ.

ಬಾಕಿ

‘ಕ್ಯಾಂಡಿ’. ಸಿಹಿಯ ಕ್ಯಾಂಡಿ ಸಂಸ್ಕೃತದ ಖಂಡದಿಂದ ಪರ್ಷಿಯನ್, ಅರಬ್ಬಿ ಮೂಲಕ ಹೋದದ್ದು. ಹಳೆಯ ಲೆಕ್ಕದಲ್ಲಿ ‘ಇಷ್ಟು ಕ್ಯಾಂಡಿ ಜ್ಯಾಗರಿ’ ಎಂದಿದ್ದರೆ ಅದು ತೂಕದ ಖಂಡಿ, ಕಲ್ಲುಸಕ್ಕರೆಯಲ್ಲ. ಮದ್ರಾಸ್ ಖಂಡಿ 500 ಪೌಂಡ್, ಸುಮಾರು 227 ಕಿಲೋ. ಮುಂಬೈಯದು 560 ಪೌಂಡ್, ಸುಮಾರು 254 ಕಿಲೋ. ಖಂಡಿ ಮಣಗಳ ಲೆಕ್ಕದ್ದು, ಊರೂರಿಗೆ ಮಣದ ತೂಕ ಬದಲಾಗುತ್ತಿದ್ದುದರಿಂದ, ಯಾವ ಪೇಟೆಯ ಖಂಡಿ ಎಂದು ಮೂಲದಲ್ಲೇ ಇಲ್ಲದಿದ್ದರೆ ಕಿಲೋಗೆ ತಿರುಗಿಸದೆ ಹಾಗೇ ಬಿಡುವುದು ಎಂದು ಸದ್ಯಕ್ಕೆ ಠರಾಯಿಸಲಾಗಿದೆ.