ಕಾಸರಗೋಡಿನಲ್ಲಿ ಕೂತು ಹೊಸ ಕನ್ನಡ ಹಾಡು ಹುಡುಕುವುದು ಹೇಗೆ?

"ನಿಮಗೆ ಈ ಹೊಸ ಹಾಡೆಲ್ಲ ಎಲ್ಲಿಂದ ಸಿಗುತ್ತದೆ ಮಾರಾಯ್ರೆ? ನಮ್ಮ ಫೋನು ತೆಗೆದರೆ ಬರೀ ಮಲಯಾಳ." ಮಂಜೇಶ್ವರದಿಂದ ಬದಿಯಡ್ಕದವರೆಗೆ, ಹಾಡಿನ ಹುಚ್ಚಿರುವವರನ್ನು ಜನ ಕೇಳುವುದು ಇದೊಂದನ್ನೇ. ಚುಟುಕಾಗಿ ಹೇಳುವುದಾದರೆ, ಆ್ಯಪ್ ಬಡಿಸುವುದನ್ನು ಕಾಯದೆ ಹೆಸರು ಹಿಡಿದು ಹೋಗಬೇಕು. ಅದು ಹೇಗೆ ಎಂಬುದಕ್ಕೆ ಸ್ವಲ್ಪ ವಿವರ ಬೇಕು.

ಆ್ಯಪಿಗೆ ನಮ್ಮ ಭಾಷೆಯ ಮೇಲೆ ದ್ವೇಷವೇನಿಲ್ಲ. ನೀವು ಕೇಳಿದ ಹಾಡನ್ನೇ ಕೇಳಿದ ಬೇರೆಯವರು ಮತ್ತೇನು ಕೇಳಿದರು ಎಂಬುದು ಅದರ ದೊಡ್ಡ ಲೆಕ್ಕ. ಒಂದೇ ಅಕೌಂಟಿನಲ್ಲಿ ಅಮ್ಮ ದಾಸರಪದ, ಅಣ್ಣ ಮಾಪ್ಪಿಳಪ್ಪಾಟ್ಟು, ಮಗು ಕಾರ್ಟೂನ್ ಹಾಡು ಹಾಕಿದರೆ ಮೂರೂ ಕಲಸಿಯೇ ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ಆ್ಯಪಿನ ಭಾಷೆಯನ್ನು ಕನ್ನಡ ಮಾಡಿದರೆ ಗುಂಡಿಗಳ ಮೇಲಿನ ಬರಹ ಮಾತ್ರ ಬದಲಾಗುತ್ತದೆ. ಹಾಡಿನ ಭಾಷೆ ಆರಿಸುವ ಜಾಗ ಬೇರೆ. ಜಿಯೋಸಾವನ್‌ನಲ್ಲಿ ಅದು ಸ್ಪಷ್ಟವಾಗಿಯೇ ಉಂಟು. ಯೂಟ್ಯೂಬಿನಲ್ಲಾದರೆ ಹಿಸ್ಟರಿಗೆ ಹೋಗಿ ಬೇಡದ ವಿಡಿಯೋಗಳನ್ನು ಅಳಿಸಿ. ಸ್ಪಾಟಿಫೈಯಲ್ಲಿ ಮಕ್ಕಳ ಹಾಡಿನ ಪ್ಲೇಲಿಸ್ಟಿನ ಮೂರು ಚುಕ್ಕಿ ಒತ್ತಿ, ಅದನ್ನು ಟೇಸ್ಟ್ ಪ್ರೊಫೈಲಿನಿಂದ, ಎಂದರೆ ನಿಮ್ಮ ರುಚಿಯ ಬಗ್ಗೆ ಆ್ಯಪ್ ಇಟ್ಟುಕೊಂಡ ಲೆಕ್ಕದಿಂದ, ಹೊರಗಿಡಿ. ಮದುವೆಮನೆಯ ಸ್ಪೀಕರಿಗೆ ನಿಮ್ಮ ಫೋನು ಕೊಡುವ ಮೊದಲು ಪ್ರೈವೇಟ್ ಸೆಷನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಆ ರಾತ್ರಿಯ ಡಿಜೆ ಹಾಡು ತಿಂಗಳುಗಟ್ಟಲೆ ಬೆನ್ನು ಬಿಡುವುದಿಲ್ಲ.

ಇನ್ನು ಹೆಸರು. ಜನ ನಾಯಕನ ಹೆಸರು ಹಾಕಿ ಹುಡುಕುತ್ತಾರೆ. ಹಾಡಿನ ಮಟ್ಟಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸಂಗೀತ ನಿರ್ದೇಶಕ, ಸಾಹಿತಿ, ಗಾಯಕ ಈ ಮೂವರನ್ನು ಹಿಡಿಯಿರಿ. ಸ್ಪಾಟಿಫೈಯಲ್ಲಿ ಹಾಡಿನ ಮೂರು ಚುಕ್ಕಿಯ ಒಳಗೆ ಕ್ರೆಡಿಟ್ಸ್ ಸಿಗುತ್ತದೆ. ಯೂಟ್ಯೂಬಿನಲ್ಲಿ, ಹೆಸರಿನ ಕೊನೆಗೆ ಟಾಪಿಕ್ ಎಂದಿರುವ ಚಾನೆಲಿನ ವಿಡಿಯೋದ ಡಿಸ್ಕ್ರಿಪ್ಷನ್ ತೆರೆಯಿರಿ: ಲೇಬಲ್ (ಹಾಡು ಹೊರತಂದ ಕಂಪೆನಿ), ಬಿಡುಗಡೆಯ ದಿನ, ಎಷ್ಟೋ ಸಲ ಬರೆದವರ ಹೆಸರು ಸಮೇತ ಅಲ್ಲಿರುತ್ತದೆ. ಮಲಯಾಳದಿಂದಲೇ ಕನ್ನಡಕ್ಕೆ ದಾಟುವ ದಾರಿಯೂ ಇದೇ. 2023ರ 'ಆರ್‌ಡಿಎಕ್ಸ್' ಚಿತ್ರದ 'ನೀಲ ನಿಲವೇ' ಇಲ್ಲಿ ಯಾರ ಫೋನಿನಲ್ಲಿ ಬಂದಿಲ್ಲ? ಅದನ್ನು ಹಾಡಿದ ಕಪಿಲ್ ಕಪಿಲನ್ ಅದೇ ವರ್ಷ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದಲ್ಲೂ ಹಾಡಿದ್ದಾರೆ. ಅಲ್ಲಿಂದ ಸಂಗೀತ ನಿರ್ದೇಶಕ ಚರಣ್ ರಾಜ್, ಸಾಹಿತಿ ಧನಂಜಯ್ ರಂಜನ್ ಎಂದು ಒಂದೊಂದು ಹೆಸರು ಒತ್ತುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಒಂದು ವಾರಕ್ಕಾಗುವಷ್ಟು ಹಾಡು ಕೈಗೆ ಬರುತ್ತದೆ. ಹಾಗೆ ಹೋಗುವಾಗ ಪ್ರತಿಯೊಬ್ಬರಿಗೂ ಫಾಲೋ ಒತ್ತಿ. ಸ್ಪಾಟಿಫೈಯಲ್ಲಿ ಶುಕ್ರವಾರ ಬರುವ ರಿಲೀಸ್ ರೇಡಾರ್ ಎಂಬ ಪ್ಲೇಲಿಸ್ಟಿನಲ್ಲಿ ನೀವು ಫಾಲೋ ಮಾಡಿದವರ ಹೊಸ ಹಾಡುಗಳು ಸೇರಿಕೊಳ್ಳುತ್ತವೆ. ಸೋಮವಾರದ ಡಿಸ್ಕವರ್ ವೀಕ್ಲಿ ಪ್ಲೇಲಿಸ್ಟು 30 ಹಾಡು ಕೊಡುತ್ತದೆ. ಅಲ್ಲಿ ಹಳತೂ ಬರಬಹುದು.

2015ರ ಜುಲೈಯಿಂದ ಜಗತ್ತಿಗೆಲ್ಲ ಹೊಸ ಆಲ್ಬಮಿನ ದಿನ ಶುಕ್ರವಾರ. ನಮ್ಮ ಸಿನಿಮಾದವರು ಆ ಶಿಸ್ತಿಗೆ ಪೂರ್ತಿ ಒಗ್ಗಿದವರಲ್ಲ, ನಾಯಕನ ಹುಟ್ಟುಹಬ್ಬ ನೋಡಿ, ಯುಗಾದಿ ನೋಡಿ ಬಿಡುತ್ತಾರೆ. ಆದ್ದರಿಂದ ಆನಂದ್ ಆಡಿಯೋ, ಲಹರಿ ಮೊದಲಾದ ಲೇಬಲ್‌ಗಳ ಯೂಟ್ಯೂಬ್ ಚಾನೆಲಿನಲ್ಲಿ ಗಂಟೆಯ ಚಿತ್ರ ಒತ್ತಿದರೆ ಸಾಲದು, ಅದರೊಳಗೆ 'ಆಲ್' ಎಂಬುದನ್ನೂ ಆರಿಸಬೇಕು. ಸ್ಪಾಟಿಫೈ ಹುಡುಕಾಟದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ kannada year:2023 ಎಂದು, ಕೋಲನ್ ಆದ ಮೇಲೆ ಜಾಗ ಬಿಡದೆ ಇಸವಿ ಹಾಕಿದರೆ ಆ ವರ್ಷದ್ದು ಮಾತ್ರ ಸೋಸಿ ಬರುತ್ತದೆ.

ಯಕ್ಷಗಾನದ ವಿಷಯ ಬೇರೆಯೇ. ಕುಂಬಳೆ ಸೀಮೆಯವರಿಗೆ ಹೊಸತು ಎಂದರೆ ಸಿನಿಮಾ ಹಾಡು ಮಾತ್ರ ಎಂದುಕೊಂಡವರು ಇಲ್ಲಿಯವರಲ್ಲ. ನಿನ್ನೆ ರಾತ್ರಿಯ ಆಟದ (ಯಕ್ಷಗಾನ ಪ್ರದರ್ಶನದ) ಪದ್ಯ ಇವತ್ತು ಬೆಳಿಗ್ಗೆ ಯೂಟ್ಯೂಬಿನಲ್ಲಿ ಇರುತ್ತದೆ. ತೊಂದರೆ ಎರಡು. ಒಂದು, ಹುಡುಕುವುದು. 'ಪಂಚವಟಿ' ಪ್ರಸಂಗ (ಆಟದ ಕಥೆ) ಬೇಕೆಂದು ಆ ಹೆಸರಷ್ಟೇ ಹಾಕಿದರೆ ನಾಸಿಕದ ಯಾತ್ರೆಯ ವಿಡಿಯೋ ಬಂದು ಕೂರುತ್ತದೆ. ಪ್ರಸಂಗದ ಹೆಸರು, ಪದ್ಯದ ಮೊದಲ ಎರಡು ಶಬ್ದ, ಪದ್ಯ ಹಾಡುವ ಭಾಗವತರ ಹೆಸರು ಇಷ್ಟನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಮ್ಮೆ ಹಾಕಿ. ಫಲಿತಾಂಶ ಬೇರೆ ಬೇರೆ ಬರುತ್ತದೆ, ಯಾಕೆಂದರೆ ಏರಿಸಿದವರು ಹೇಗೆ ಬರೆದರೋ ಹಾಗೆ. ಇಡೀ ಆಟ ನಾಲ್ಕೈದು ಗಂಟೆಯದ್ದಾದರೆ ಕಮೆಂಟಿನಲ್ಲಿ ಯಾರಾದರೂ ಪುಣ್ಯಾತ್ಮರು ಸಮಯ ಗುರುತಿಸಿರುತ್ತಾರೆ, ಮೊದಲು ಅದನ್ನು ನೋಡಿ.

ಎರಡನೆಯದು ಧ್ವನಿ. ಒಂದೇ ಆಟದ ಮೂರು ರೆಕಾರ್ಡಿಂಗ್ ಇದ್ದರೆ ಯುದ್ಧದ ಪದ್ಯಕ್ಕೆ ಹೋಗಿ ಅರ್ಧ ನಿಮಿಷ ಇಯರ್‌ಫೋನಿನಲ್ಲಿ ಕೇಳಿ. ಚೆಂಡೆ ಏರಿದ ಕೂಡಲೇ ಭಾಗವತರ ಸ್ವರ ಹಿಂದಕ್ಕೆ ಸರಿದು, ಚೆಂಡೆ ನಿಂತ ಮೇಲೆ ನಿಧಾನ ಮುಂದೆ ಬಂದರೆ ಅದು ಸಭೆಯಲ್ಲಿ ಕೂತು ಫೋನಿನಲ್ಲಿ ಹಿಡಿದದ್ದು. ದೊಡ್ಡ ಶಬ್ದ ಬಂದಾಗ ಫೋನಿನ ಮೈಕ್ ತಾನಾಗಿ ವಾಲ್ಯೂಮ್ ಇಳಿಸಿಕೊಳ್ಳುತ್ತದೆ. ಸ್ವರ ಕಿವಿಯ ಹತ್ತಿರ, ಚೆಂಡೆ ಮಾತ್ರ ಎಲ್ಲೋ ದೂರ ಎಂದಾದರೆ ಮೈಕ್ ಸೆಟ್ಟಿನ ಮಿಕ್ಸರಿನಿಂದ ನೇರ ತೆಗೆದದ್ದು. ಚೆಂಡೆ ರಂಗಸ್ಥಳದಲ್ಲೇ ಜೋರಾಗಿ ಕೇಳುವುದರಿಂದ ಮೈಕ್‌ನವರು ಅದಕ್ಕೆ ಹೆಚ್ಚು ಕೊಟ್ಟಿರುವುದಿಲ್ಲ. ಪದ್ಯದ ಸಾಹಿತ್ಯ, ರಾಗ ಕಲಿಯಲು ಎರಡನೆಯದೇ ಒಳ್ಳೆಯದು. ಆಟದ ಕಾವು ಬೇಕಾದರೆ ಎರಡೂ ಹಿಡಿದು ಬೆರೆಸಿದವರನ್ನು ಹುಡುಕಿ, ಅಂಥವರು ಕಡಿಮೆ.

ರೀಲ್ಸ್‌ನಲ್ಲಿ ಕೇಳಿದ ಹಾಡು, ಹಾಡಿನ ಹೆಸರು ಪತ್ತೆ ಮಾಡುವ ಶಜಾಮ್ ಆ್ಯಪಿಗೆ ಗೊತ್ತಾಗದಿದ್ದರೆ ಹಾಡನ್ನು ವೇಗ ಮಾಡಿ ಹಾಕಿರಬಹುದು. ಅದು ರೆಕಾರ್ಡಿಂಗಿನ ಗುರುತನ್ನು ಹೊಂದಿಸಿ ನೋಡುತ್ತದೆ, ಶ್ರುತಿ ಬದಲಾದರೆ ತಪ್ಪುತ್ತದೆ. ರಂಗಸ್ಥಳದ ಪದ್ಯ ಸಿಗದಿರುವುದೂ ಹಾಗೇ. ಆಗ ಗೂಗಲ್ ಆ್ಯಪಿನ ಮೈಕ್ ಒತ್ತಿ, ಹಾಡು ಹುಡುಕುವ ಗುಂಡಿ ಆರಿಸಿ 10–15 ಸೆಕೆಂಡ್ ಗುನುಗಿ.

ಡೇಟಾದ ಲೆಕ್ಕ ಸುಲಭ: ಐದು ನಿಮಿಷದ ಹಾಡು ಸೆಕೆಂಡಿಗೆ 320 ಕಿಲೋಬಿಟ್ಟಿನ ಗುಣಮಟ್ಟದಲ್ಲಿ 12 ಎಂಬಿ, 96ರಲ್ಲಿ 3.6 ಎಂಬಿ. ರೈಲಿನ ಸದ್ದಿನಲ್ಲಿ ಕೇಳುವುದಕ್ಕೆ 96 ಧಾರಾಳ.

ಕೊನೆಗೆ, ನಮ್ಮ ಕಡೆಯ ಹುಡುಗರು ಮಾಡಿದ ತುಳು, ಕನ್ನಡ ಹಾಡು ಸಿಕ್ಕಿದರೆ 30 ಸೆಕೆಂಡಿನೊಳಗೆ ದಾಟಿಸಬೇಡಿ. ಸ್ಪಾಟಿಫೈ ಅಷ್ಟು ಹೊತ್ತು ಕೇಳಿದರೆ ಮಾತ್ರ ಎಣಿಸುತ್ತದೆ. 2024ರಿಂದ, 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಅಲ್ಲಿ ದುಡ್ಡಿಲ್ಲ. ನೂರು ಜನ ತಿಂಗಳಿಗೊಮ್ಮೆ ಕೇಳಿದರೆ ವರ್ಷಕ್ಕೆ 1,200 ಆಗುತ್ತದೆ.