ಕುಂಬಳೆ ತೆರೆಯಿತು, ಕಾಸರಗೋಡು ಕಾಣೆ

ಹಗಲು ಹೊಟ್ಟೆಪಾಡಿನ ಕೆಲಸ. ರಾತ್ರಿ ಒಂದು ಮುಕ್ತ ತಂತ್ರಾಂಶದ ಪ್ಯಾಕೇಜ್ ಮ್ಯಾನೇಜರ್‌ನ ಬಗ್‌ಗಳನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಬೇಕಾದ ತಂತ್ರಾಂಶವನ್ನು ಅದರ ಪರಿವಾರ ಸಮೇತ ತರಿಸಿ ಕೂರಿಸುವುದು, ಬೇಡವಾದಾಗ ಗುರುತುಳಿಯದಂತೆ ತೆಗೆಯುವುದು ಅದರ ಕೆಲಸ. ಸರಿಯಾಗಿ ನಡೆಯುವಷ್ಟು ದಿನ ಯಾರಿಗೂ ಅದರ ನೆನಪಾಗುವುದಿಲ್ಲ.

ಮಳೆಗಾಲದಲ್ಲಿ ಇಲ್ಲಿನ ಕನ್ನಡ ಮಾಧ್ಯಮ ಶಾಲೆಯ ಮಾಷ್ಟ್ರು ಫೋನ್ ಮಾಡಿದರು. ಮಕ್ಕಳಿಗೆಂದು ಜಿಲ್ಲೆಯ ನಕ್ಷೆಗಳ ಪ್ಯಾಕೇಜೊಂದನ್ನು ಶಾಲೆಯ ಲಿನಕ್ಸ್ ಕಂಪ್ಯೂಟರಿಗೆ ಹಾಕಿದ್ದರು. ಊರಿಗೊಂದು ಫೈಲ್, ಹೆಸರು ಕನ್ನಡದಲ್ಲಿ. "ಕುಂಬಳೆ ಬರುತ್ತದೆ, ಉಪ್ಪಳ ಬರುತ್ತದೆ, ಕಾಸರಗೋಡೇ ಇಲ್ಲ ಎನ್ನುತ್ತದಲ್ಲ ಮಾರಾಯರೇ!"

ಹೋಗಿ ನೋಡಿದರೆ ಫೈಲ್ ಫೋಲ್ಡರಿನಲ್ಲೇ ಇದೆ. ನಮ್ಮ ಮ್ಯಾನೇಜರ್ ಮಾತ್ರ ಇಲ್ಲವೆಂದು ಹಟ ಹಿಡಿದಿದೆ. ಇಂಥದೇ ದೂರು ಹಿಂದೆಯೂ ಬಂದಿತ್ತು. "ಇಂಗ್ಲಿಷ್ ಹೆಸರಿಡಿ" ಎಂದು ಯಾರೋ ಅದನ್ನು ಮುಚ್ಚಿದ್ದರು. ಇಂಥ ಉತ್ತರ ಕಂಡರೆ ನನಗೆ ಮೈ ಉರಿಯುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಬೋರ್ಡು, ಅರ್ಜಿಗಳಲ್ಲಿ ಕನ್ನಡವಿರಲಿ ಎಂದು ಕೇಳುತ್ತಲೇ ಬಂದವರು ನಾವು. ಇನ್ನು ಫೈಲಿನ ಹೆಸರನ್ನೂ ಬಿಟ್ಟುಕೊಡಬೇಕೆ?

ಸುಳಿವು ಸಿಕ್ಕಿದ್ದು ಊರುಗಳನ್ನು ಎರಡು ಸಾಲಾಗಿ ಬರೆದಾಗ. ಸಿಕ್ಕವು: ಕುಂಬಳೆ, ಉಪ್ಪಳ, ಪೆರ್ಲ, ಬದಿಯಡ್ಕ. ಸಿಗದವು: ಮಂಜೇಶ್ವರ, ನೀರ್ಚಾಲು, ಹೊಸದುರ್ಗ, ಕಾಸರಗೋಡು. ಈ ಎರಡನೆಯ ಸಾಲಿನ ಪ್ರತಿ ಹೆಸರಿನಲ್ಲೂ ಏಕಾರ, ಈಕಾರ, ಒಕಾರ, ಓಕಾರಗಳಲ್ಲಿ ಒಂದಿದೆ.

ಹೆಸರುಗಳ ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಅಂಕಿಗಳನ್ನು, ಬಿಡಿಸಿ ನೋಡಿದೆ. 'ಗೋ' ಅಕ್ಷರದ ಓಕಾರ, ಪ್ಯಾಕೇಜಿನಲ್ಲಿ ಯಾವ ಫೈಲ್‌ಗಳಿವೆ ಎಂದು ಮ್ಯಾನೇಜರ್ ನೋಡುವ ಪಟ್ಟಿಯಲ್ಲಿ 3 ಬೈಟ್, ಡಿಸ್ಕಿನಲ್ಲಿ 9. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಎರಡೂ ಸಮಾನ ಎನ್ನುತ್ತದೆ ನಿಯಮ. ಆದರೆ ಲಿನಕ್ಸ್‌ಗೆ ಫೈಲಿನ ಹೆಸರೆಂದರೆ ಸಾಮಾನ್ಯವಾಗಿ ಬರೀ ಬೈಟ್‌ಗಳ ಸಾಲು; ಬೈಟ್ ಬೇರೆಯಾದರೆ ಹೆಸರೂ ಬೇರೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ನಕ್ಷೆಗಳನ್ನು ಕಟ್ಟಿ ಕಳುಹಿಸಿದ್ದು ಅಂಥ ಯಂತ್ರದಿಂದ. ಪಟ್ಟಿಯನ್ನು ಯಾರೋ ಬೇರೆ ಕಡೆ ಟೈಪ್ ಮಾಡಿದ್ದರು.

ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತಂದುಬಿಡೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ಪ್ಯಾಕೇಜಿನೊಳಗಿನ ಪ್ರೋಗ್ರಾಂ ತನ್ನ ಫೈಲನ್ನು ಹಳೆಯ ಬೈಟ್‌ಗಳಲ್ಲೇ ಹುಡುಕುತ್ತಿದ್ದರೆ ಅದು ಕೆಡುತ್ತದೆ. ಕೂರಿಸುವವನಿಗೆ ಹೆಸರು ತಿದ್ದುವ ಅಧಿಕಾರವಿಲ್ಲ. ಕೊನೆಗೆ ಪಟ್ಟಿಯನ್ನು ಟೈಪ್ ಮಾಡುವುದನ್ನೇ ನಿಲ್ಲಿಸಿ, ಕಟ್ಟಿನೊಳಗಿರುವ ಬೈಟ್‌ಗಳಿಂದಲೇ ಅದನ್ನು ತಯಾರಿಸುವಂತೆ ಮಾಡಿದೆವು. ನೋಡಲು ಒಂದೇ ಆದ ಎರಡು ಹೆಸರುಗಳು ಬಂದರೆ ಕಟ್ಟುವಾಗಲೇ ಎಚ್ಚರಿಕೆ.

ಈ ತಿದ್ದುಪಡಿಯ ಪ್ಯಾಚ್ ಪರಿಶೀಲಕರಿಲ್ಲದೆ ಬಿದ್ದಿತ್ತು. ಫ್ರೆಂಚರ 'ಕಫೆ'ಯ ಕೊನೆಯ ಅಕ್ಷರಕ್ಕೂ ಇದೇ ಗತಿ ಎಂದು ತೋರಿಸಿದೆ ನೋಡಿ, ಮರುದಿನವೇ 'ತುರ್ತು' ಎಂಬ ಚೀಟಿ ಅಂಟಿತು! ಇರಲಿ. ಮ್ಯಾನೇಜರ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳಲ್ಲಿ ಈಗ ಕಾಸರಗೋಡಿನ ಜೊತೆ ಮಲಯಾಳಂ, ತಮಿಳಿನ ಓಕಾರಗಳೂ ಇವೆ. ತೆಲುಗಿನಲ್ಲಿ ಒಡೆಯುವುದು ಐತ್ವ ಮಾತ್ರ, ಅವರು ಪುಣ್ಯವಂತರು.

ನಕ್ಷೆಗಳ ಪ್ಯಾಕೇಜನ್ನು ಮತ್ತೆ ಕಟ್ಟಿಸಿ ಶಾಲೆಗೆ ಹಾಕಿಕೊಟ್ಟಾಯಿತು. ಹಳೆಯ ಪ್ಯಾಕೇಜ್‌ಗಳ ಪಟ್ಟಿಗಳನ್ನು ಏನು ಮಾಡುವುದೆಂಬ ಜಗಳ ಇನ್ನೂ ಮುಗಿದಿಲ್ಲ. ಎಲ್ಲವನ್ನೂ ಮತ್ತೆ ಕಟ್ಟಿಸಬೇಕೆಂಬುದೇ ನನ್ನ ಪಟ್ಟು.